ಸಹಾಯ ಬೇಕು: ಅಪ್ಪನನ್ನು ಲ್ಯೂಯಿಸ್‌ನ ಡ್ರಿಪ್ಪಿಂಗ್ ಪ್ಯಾನ್ ಫುಟ್‌ಬಾಲ್ ಮೈದಾನಕ್ಕೆ ಕರೆದುಕೊಂಡು ಹೋಗಬೇಕು

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಅಪ್ಪ ಬೆಂಗಳೂರಿಂದ ಲಂಡನ್‌ಗೆ ಬರುತ್ತಿದ್ದಾರೆ. ವಯಸ್ಸು 71, ಮಂಡಿ ನೋವು ಬೇರೆ. ಹಲಸೂರು ಪಕ್ಕದ ಗೌತಮಪುರದಲ್ಲಿ ಬೆಳೆದವರು, ಪೆಲೆ ಪ್ರತಿಮೆ ಇದೆಯಲ್ವಾ, ಅದೇ ಗೌತಮಪುರ. ದೊಡ್ಡ ಸ್ಟೇಡಿಯಂ ಬೇಡವಂತೆ. ಕಂಬಿ ಪಕ್ಕ ನಿಂತು, ಆಟಗಾರರು ಒಬ್ಬರನ್ನೊಬ್ಬರು ಕೂಗುವುದು ಕೇಳಿಸಬೇಕಂತೆ.

ಅದಕ್ಕೇ ದಕ್ಷಿಣ ಇಂಗ್ಲೆಂಡಿನ ಪುಟ್ಟ ಊರು ಲ್ಯೂಯಿಸ್ ಅಂದುಕೊಂಡೆ. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿಂದ ರೈಲು, ಲ್ಯೂಯಿಸ್ ಸ್ಟೇಷನ್ನಿಂದ ಐದು ನಿಮಿಷದ ನಡಿಗೆ. ತಗ್ಗಿನಲ್ಲಿರೋ ಮೈದಾನ, ಸುತ್ತ ಹುಲ್ಲಿನ ದಿಬ್ಬ. 2017ರಲ್ಲಿ ಗಂಡಸರ ತಂಡಕ್ಕೂ ಹೆಂಗಸರ ತಂಡಕ್ಕೂ ಸಮಾನ ಬಜೆಟ್ ಕೊಟ್ಟ ಕ್ಲಬ್ ಇದು. ಅದು ಕೇಳಿದಾಗಿನಿಂದ ನನಗೆ ಈ ಊರಿನ ಮೇಲೆ ತುಂಬಾ ಪ್ರೀತಿ.

ಅಲ್ಲಿಗೆ ಹೋದವರು ಯಾರಾದರೂ ಇದ್ದೀರಾ? ಒಳಗೆ ಮೆಟ್ಟಿಲು ಜಾಸ್ತಿನಾ? ಮಳೆ ಬಂದರೆ ಸೂರಿನಡಿ ಸೀಟು ಸುಲಭವಾಗಿ ಸಿಗುತ್ತಾ? ಅಪ್ಪ ಸಸ್ಯಾಹಾರಿ, ಚಿಪ್ಸ್ ಬಿಟ್ಟು ಬೇರೇನಾದರೂ ಇರುತ್ತಾ?

ಇನ್ನೊಂದು ಮುಖ್ಯ ವಿಷಯ. ಹೋದ ಡಿಸೆಂಬರ್‌ನಲ್ಲಿ ಇಂಥದ್ದೇ ಒಂದು ಪುಟ್ಟ ಮೈದಾನಕ್ಕೆ ಎರಡು ರೈಲು ಬದಲಿಸಿ ಹೋಗಿದ್ದೆ. ಗೇಟಿಗೆ ಬೀಗ. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಚೀಟಿ, 'ಮೈದಾನದಲ್ಲಿ ನೀರು ನಿಂತಿದೆ, ಪಂದ್ಯ ಇಲ್ಲ'. ಅಪ್ಪನಿಗೆ ಹಾಗಾಗಬಾರದು. ಶನಿವಾರ ಮೂರು ಗಂಟೆ ಪಂದ್ಯ ರದ್ದಾದರೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಖಚಿತವಾಗಿ ಗೊತ್ತಾಗುತ್ತೆ? ಅನುಭವ ಇರುವವರು ದಯವಿಟ್ಟು ತಿಳಿಸಿ.