ಉಳಿದಿರುವುದು ಒಂದೇ ಜಾಗ: ವೆಬ್ಲಿ ರಿವಾಲ್ವರೋ, ಕೋಲ್ಟ್ ಪಿಸ್ತೂಲೋ?

ತಿಪಟೂರು ತೋಟದವನು:

ಎಲ್ಲರಿಗೂ ನಮಸ್ಕಾರ. ತಿಪಟೂರು ತಾಲ್ಲೂಕಿನವನು ನಾನು, ತೆಂಗಿನ ತೋಟ ಇದೆ. ಹದಿನೈದು ದಿನದಿಂದ ಒಂದೇ ಯೋಚನೆ. ಮನೆಯಲ್ಲಿ ಕೇಳಿದರೆ ‘ಎರಡೂ ಬೇಡ’ ಅನ್ನುತ್ತಾರೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪನ ಜೋಡುನಳಿಗೆ ಕೋವಿ ಈಗ ನನ್ನ ಲೈಸೆನ್ಸಿನಲ್ಲಿದೆ. ತೋಟಕ್ಕೆ ಹಂದಿ ಬಂದಾಗ ಬೆದರಿಸೋಕೆ ಅಂತ ತಗೊಂಡಿದ್ದು. ಅದನ್ನು ಮಾರುವ ಮಾತೇ ಇಲ್ಲ. ಮೊದಲು ಒಬ್ಬರು ಮೂರು ಆಯುಧ ಇಟ್ಟುಕೊಳ್ಳಬಹುದಿತ್ತು, ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಎರಡೇ. ಅಂದರೆ ನನಗೆ ಉಳಿದಿರುವುದು ಒಂದೇ ಜಾಗ. ಕೈಬಂದೂಕು ಒಂದಕ್ಕೆ ಅನುಮತಿ ಸಿಗಲು ಒಂದೂವರೆ ವರ್ಷ ಓಡಾಡಿದ್ದೇನೆ. ಈಗ ಸಿಕ್ಕಿದೆ.

ನನಗೆ ಚಿಕ್ಕಂದಿನಿಂದ ಹಳೇ ಕಬ್ಬಿಣದ ಕೆಲಸ ಅಂದರೆ ಪ್ರಾಣ. ಮನೆಯಲ್ಲಿ ಹನ್ನೊಂದು ಅಡಕತ್ತರಿ ಇವೆ, ಮೂರು ಹಳೇ ಬೀಗ, ಕೀಲಿ ಕೊಡುವ ಎರಡು ಗೋಡೆ ಗಡಿಯಾರ. ಅದೇ ಆಸೆಯಿಂದ ಹಳೇ ಕೈಬಂದೂಕು ಒಂದು ಬೇಕು ಅಂತ. ಹೊಡೆಯೋಕಲ್ಲ, ಇಟ್ಟುಕೊಳ್ಳೋಕೆ. ಕೊಬ್ಬರಿ ಮಾರಿದ ದುಡ್ಡಲ್ಲಿ ಎರಡು ಲಕ್ಷ ತೆಗೆದಿಟ್ಟಿದ್ದೇನೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆಗುವುದಿಲ್ಲ.

ಎರಡು ನೋಡಿದ್ದೇನೆ.

ಒಂದು ವೆಬ್ಲಿ ಆಂಡ್ ಸ್ಕಾಟ್, ಮಾರ್ಕ್ 4, .32 ರಿವಾಲ್ವರ್. ಮಧುಗಿರಿ ಕಡೆ ಒಂದು ಹಳೇ ಪಟೇಲರ ಮನೆಯಲ್ಲಿದೆ. ಬರ್ಮಿಂಗ್‌ಹ್ಯಾಮ್ ಅಂತ ಮೈಮೇಲೆ ಕೆತ್ತಿದೆ. ಎಡಗಡೆ ಚಿಲಕವನ್ನು ಹೆಬ್ಬೆರಳಲ್ಲಿ ಒತ್ತಿದರೆ ನಳಿಕೆ ಮುಂದಕ್ಕೆ ಬಾಗುತ್ತದೆ, ತೋಟಾ ಕೂರುವ ಆರು ಕೋಣೆಯ ಮಧ್ಯದಿಂದ ನಕ್ಷತ್ರದ ಹಾಗಿನ ಚಕ್ಕೆ ಮೇಲೆದ್ದು ಬರುತ್ತದೆ. ನೋಡೋಕೆ ಅಷ್ಟು ಚಂದ. ಆದರೆ ಬಣ್ಣ ಹೋಗಿದೆ, ಅಂಚೆಲ್ಲ ಕಂದು. ಕೇಳುವುದು 1,60,000.

ಇನ್ನೊಂದು ಕೋಲ್ಟ್ 1903 ಪಿಸ್ತೂಲ್. ಇದೂ .32, ಮ್ಯಾಗಜೀನಿನಲ್ಲಿ ಎಂಟು ತೋಟಾ ಹಿಡಿಯುತ್ತದೆ. ತುಮಕೂರಿನಲ್ಲೇ ನಿವೃತ್ತ ಡಾಕ್ಟರೊಬ್ಬರ ಹತ್ತಿರ ಇದೆ. ಹೊಸದರ ಹಾಗೆ ಹೊಳೆಯುತ್ತಿದೆ. ಎಲ್ಲೂ ಒಂದು ಗೀರಿಲ್ಲ. ಕುದುರೆ, ಅಂದರೆ ಹಿಂದಿನ ಸುತ್ತಿಗೆ (ಹ್ಯಾಮರ್), ಹೊರಗೆ ಕಾಣುವುದಿಲ್ಲ, ಒಳಗೇ ಮುಚ್ಚಿಟ್ಟಿದ್ದಾರೆ. ಅದಕ್ಕೇ ಜೇಬಿನಿಂದ ತೆಗೆದರೆ ಎಲ್ಲೂ ಸಿಕ್ಕಿಹಾಕಿಕೊಳ್ಳದ ಹಾಗೆ ನುಣ್ಣಗಿದೆ. ಹಿಡಿಯ ಹಿಂಭಾಗ ಒತ್ತಿ ಹಿಡಿದರೆ ಮಾತ್ರ ಗುಂಡು ಹಾರುತ್ತದೆ. ಕೇಳಿದ್ದು 2,40,000, ಕೊನೆಗೆ ಎರಡಕ್ಕೆ ಬರುತ್ತಾರೆ ಅಂತ ಮಧ್ಯದವರು ಹೇಳುತ್ತಾರೆ.

ಮನಸ್ಸು ಕೋಲ್ಟ್ ಕಡೆ ಎಳೆಯುತ್ತಿದೆ. ಹೆಸರಾಂತ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ ಕೈಯಿಂದ ಬಂದದ್ದು ಅಲ್ವಾ. ಆದರೆ ಇರುವುದು ಒಂದೇ ಜಾಗ. ತಪ್ಪಾದರೆ ಬದಲಾಯಿಸೋಕೆ ಮತ್ತೆ ಎರಡು ವರ್ಷ ಹೋಗುತ್ತದೆ. ತಿಳಿದವರು ಹೇಳಿ.

ಊರಗಾಂ ಕಡೆಯವನು:

ಸ್ವಾಮಿ, ನಮ್ಮ ಮನೆಯಲ್ಲಿ ವೆಬ್ಲಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಜ್ಜ ಕೋಲಾರದ ಚಿನ್ನದ ಗಣಿಯಲ್ಲಿದ್ದರು. ಬ್ರಿಟಿಷ್ ಆಫೀಸರ್ ಒಬ್ಬರು ಊರಿಗೆ ವಾಪಸ್ ಹೊರಟಾಗ ಅಜ್ಜನಿಗೆ ಮಾರಿ ಹೋದದ್ದು. 2001ರಲ್ಲಿ ಗಣಿ ಮುಚ್ಚಿತು, ಅಜ್ಜನೂ ಈಗಿಲ್ಲ, ರಿವಾಲ್ವರ್ ಇದೆ.

ಕಂದು ಬಣ್ಣಕ್ಕೆ ಹೆದರಬೇಡಿ. ನೋಡಬೇಕಾದ್ದು ಕೀಲು. ವೆಬ್ಲಿ ಮಧ್ಯದಲ್ಲಿ ಮಡಚುವ ಬಂದೂಕು, ಅದರ ಆಯಸ್ಸೆಲ್ಲ ಆ ಕೀಲಿನಲ್ಲೂ ಮೇಲಿನ ಚಿಲಕದಲ್ಲೂ ಇದೆ. ತೋಟಾ ಇಲ್ಲ ಅಂತ ಎರಡು ಸಲ ನೋಡಿಕೊಳ್ಳಿ. ಆಮೇಲೆ ಮುಚ್ಚಿ, ಒಂದು ಕೈಯಲ್ಲಿ ಹಿಡಿ ಹಿಡಿದು ಇನ್ನೊಂದು ಕೈಯಲ್ಲಿ ನಳಿಕೆಯನ್ನು ಅಕ್ಕಪಕ್ಕ ಅಲ್ಲಾಡಿಸಿ. ಟಕ್ ಟಕ್ ಅಂದರೆ ಬಿಟ್ಟುಬಿಡಿ. ಆಮೇಲೆ ಕುದುರೆಯನ್ನು ಬಹಳ ನಿಧಾನವಾಗಿ ಎಳೆಯಿರಿ. ಅದು ಪೂರ್ತಿ ಹಿಂದಕ್ಕೆ ಬಂದು ಕೂರುವ ಹೊತ್ತಿಗೆ ಕೋಣೆಯ ಉರುಳೆ ಗಟ್ಟಿಯಾಗಿ ನಿಂತಿರಬೇಕು. ಆರೂ ಕೋಣೆಗೆ ಹೀಗೇ ಮಾಡಿ ನೋಡಿ. ಒಂದೇ ನೋಡಿ ಬಿಡಬೇಡಿ.

ಇನ್ನೊಂದು. ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಎಲ್ಲಿ ಹಚ್ಚಿದ್ದಾರೆ ನೋಡಿ. ನಮ್ಮನೆಯದಕ್ಕೆ ಅಜ್ಜಿ ಪ್ರತಿವರ್ಷ ನಳಿಕೆಯ ಮೇಲೆ ನೀರಲ್ಲಿ ಕಲಸಿದ ಕುಂಕುಮ ಇಟ್ಟು, ಪಕ್ಕದಲ್ಲೇ ಕೊಯ್ದ ನಿಂಬೆಹಣ್ಣು ಇಡುತ್ತಿದ್ದರು. ಮಾರನೇ ದಿನ ಯಾರೂ ಒರೆಸುತ್ತಿರಲಿಲ್ಲ. ಆ ಜಾಗದಲ್ಲಿ ಈಗ ಕಾಸಿನಗಲ ಗುಳಿ ಬಿದ್ದಿದೆ. ಪೂಜೆ ಮಾಡಲಿ, ಬೇಡ ಅನ್ನುವುದಿಲ್ಲ. ಹಿಡಿಯ ಮರಕ್ಕೆ ಒಣ ಕುಂಕುಮ ಇಟ್ಟರೆ ಸಾಕು.

ಚಿಂತಾಮಣಿ ಗೆಳೆಯ:

ಇಷ್ಟೊಂದು ಯಾಕೆ ಕಷ್ಟ? ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸ .32 ರಿವಾಲ್ವರ್ ತಗೊಳ್ಳಿ. ಅದರ ಮೂಲವೂ ವೆಬ್ಲಿಯೇ, ಹಾಗೇ ಮಧ್ಯದಲ್ಲಿ ಮಡಚುತ್ತದೆ, ತೂಕ ಸುಮಾರು 700 ಗ್ರಾಂ. ಬಿಲ್ ಇರುತ್ತದೆ, ಬಿಡಿಭಾಗ ಸಿಗುತ್ತದೆ. ನನ್ನದು ಅದೇ, ಎಂಟು ವರ್ಷ ಆಯಿತು, ಒಂದು ದಿನ ತೊಂದರೆ ಕೊಟ್ಟಿಲ್ಲ.

ತಿಪಟೂರು ತೋಟದವನು:

ನಿಮ್ಮ ಮಾತು ಸರಿ ಗೆಳೆಯರೇ. ಕಾವಲಿಗೆ ಬೇಕಾಗಿದ್ದರೆ ನಾನೂ ಅದನ್ನೇ ತಗೊಳ್ಳುತ್ತಿದ್ದೆ. ಆದರೆ ನನಗೆ ಬೇಕಾದದ್ದು ಹಳೇ ಕೈಕೆಲಸ. ಉಕ್ಕಿನ ಮೇಲೆ ಅರದ ಗುರುತು ಕಾಣಬೇಕು. ಇರುವ ಒಂದು ಜಾಗವನ್ನು ಹೊಸದಕ್ಕೆ ಕೊಡಲು ಮನಸ್ಸಿಲ್ಲ.

ಕೋವಿ ರಿಪೇರಿ, ಚಿಕ್ಕಬಳ್ಳಾಪುರ:

ಕೋಲ್ಟ್ ಬಗ್ಗೆ ಎರಡು ಮಾತು. ಈ ಕೆಲಸ ನಮ್ಮ ತಂದೆಯ ಕಾಲದಿಂದ ನಮ್ಮದು.

‘ಹೊಸದರ ಹಾಗೆ ಹೊಳೆಯುತ್ತಿದೆ, ಒಂದು ಗೀರಿಲ್ಲ’ ಅಂದಿರಲ್ಲ, ನನಗೆ ಅಲ್ಲೇ ಅನುಮಾನ. ಕೋಲ್ಟ್ 1903 ಅನ್ನು 1903ರಿಂದ 1945ರವರೆಗೆ ಮಾಡಿದರು, ಐದು ಲಕ್ಷಕ್ಕಿಂತ ಜಾಸ್ತಿ. ನಮ್ಮ ದೇಶದಲ್ಲಿ 1980ರ ದಶಕದ ಮಧ್ಯದಿಂದ ಸಾಮಾನ್ಯ ಜನರಿಗೆ ಆಮದು ನಿಂತಿದೆ. ಹಾಗಾಗಿ ಇಲ್ಲಿರುವ ಪ್ರತಿಯೊಂದು ಕೋಲ್ಟೂ ಹತ್ತಾರು ವರ್ಷ ಯಾರದೋ ಬೀರುವಿನಲ್ಲಿ, ಚರ್ಮದ ಚೀಲದಲ್ಲಿ, ಪ್ರತಿ ಎಲೆಕ್ಷನ್ನಿಗೂ ಪೊಲೀಸರಿಗೆ ಒಪ್ಪಿಸಿ ಠಾಣೆಯ ಕಪಾಟಿನಲ್ಲಿ ಇದ್ದದ್ದೇ. ಒಂದು ಗೀರೂ ಇಲ್ಲದಿರಬೇಕಾದರೆ ಯಾರೋ ಉಜ್ಜಿ ಮತ್ತೆ ಬಣ್ಣ ಏರಿಸಿರುತ್ತಾರೆ. ಸಂಗ್ರಹಕ್ಕೆ ತಗೊಳ್ಳುವವರಿಗೆ ಅದು ದೊಡ್ಡ ನಷ್ಟ. ಮೂಲ ಬಣ್ಣ ಅರ್ಧ ಹೋಗಿದ್ದರೂ ಪರವಾಗಿಲ್ಲ, ಹೊಸ ಬಣ್ಣ ಪೂರ್ತಿ ಇದ್ದರೂ ಬೆಲೆಯಿಲ್ಲ.

ಹೇಗೆ ಕಂಡುಹಿಡಿಯುವುದು? ಒಂದು ಭೂತಗನ್ನಡಿ, ಒಂದು ಟಾರ್ಚ್ ಸಾಕು. ಮೇಲೆ ಹಿಂದೆ ಮುಂದೆ ಜಾರುವ ಭಾಗದ, ಅಂದರೆ ಸ್ಲೈಡಿನ, ಅಕ್ಷರಗಳನ್ನು ನೋಡಿ. ಕಾರ್ಖಾನೆಯ ಅಕ್ಷರದ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತದೆ. ಉಜ್ಜಿದ್ದರೆ ಕರಗಿದ ಬೆಲ್ಲದ ಅಂಚಿನ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಕೋಲ್ಟ್ ಕಂಪನಿಯದು, ಮುಂಗಾಲೆತ್ತಿ ನಿಂತ ಕುದುರೆ ಮರಿಯ ಗುರುತಿರುತ್ತದೆ. ಅದರ ಕಾಲುಗಳು ಬಹಳ ಸಣ್ಣ ಗೆರೆ, ಉಜ್ಜಿದರೆ ಮೊದಲು ಅಳಿಯುವುದು ಅವೇ. ಸ್ಕ್ರೂ ತೂತಿನ ಸುತ್ತ ಸಣ್ಣ ತಟ್ಟೆಯ ಹಾಗೆ ತಗ್ಗಾಗಿದ್ದರೆ ಅದೂ ಉಜ್ಜಿದ ಗುರುತೇ. ಆಮೇಲೆ ಮಾಲೀಕರ ಒಪ್ಪಿಗೆ ಕೇಳಿ ಹಿಡಿಯ ಎರಡು ತಟ್ಟೆ ಬಿಚ್ಚಿಸಿ. ಬೆವರು ಇಳಿದು ಕೂರುವುದು ಅಲ್ಲೇ. ಅಲ್ಲಿ ತುಕ್ಕಿನ ಗುಳಿ ಇದ್ದು, ಗುಳಿಯ ಒಳಗೂ ಬಣ್ಣ ಕಪ್ಪಗಿದ್ದರೆ ಇನ್ನೇನೂ ಕೇಳಬೇಕಾಗಿಲ್ಲ.

ಮ್ಯಾಗಜೀನ್ ಮೂಲದ್ದೇ ಇದೆಯಾ ನೋಡಿ. ಕಳೆದುಹೋದರೆ ಇಲ್ಲಿ ಸಿಗುವುದು ಬಹಳ ಕಷ್ಟ.

ತುಂಬಾ ಜನ ಮಾಡುವ ತಪ್ಪು ಒಂದಿದೆ: ಬಂದೂಕನ್ನು ಚರ್ಮದ ಚೀಲದಲ್ಲೇ ಇಡುವುದು. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ರಸಾಯನ ಅದರಲ್ಲಿ ಉಳಿದಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಉಕ್ಕಿನ ಮೇಲೆ ಚೀಲದ ಹೊಲಿಗೆಯೇ ಅಚ್ಚಾಗಿರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಗುಬ್ಬಿ ವಕೀಲ:

ಕಾಗದದ ಬಗ್ಗೆ ಮರೆಯಬೇಡಿ. ಒಬ್ಬ ಲೈಸೆನ್ಸುದಾರರು ಇನ್ನೊಬ್ಬರಿಗೆ ಮಾರುವುದಾದರೆ, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಮೊದಲೇ ಬರೆದು ತಿಳಿಸಬೇಕು. ತಿಳಿಸಿ 45 ದಿನ ಕಳೆಯುವ ತನಕ ಕೈ ಬದಲಾಯಿಸುವ ಹಾಗಿಲ್ಲ. ಬಂದೂಕಿನ ಮೇಲಿನ ನಂಬರ್, ಅವರ ಲೈಸೆನ್ಸಿನಲ್ಲಿರುವ ನಂಬರ್, ಎರಡನ್ನೂ ಒಂದೊಂದೇ ಅಂಕಿ ಹೋಲಿಸಿ ನೋಡಿ. ಹಳೇ ಪುಸ್ತಕದಿಂದ ಹೊಸದಕ್ಕೆ ಇಳಿಸುವಾಗ 3 ಹೋಗಿ 8 ಆದದ್ದುಂಟು. ಅದನ್ನು ಸರಿ ಮಾಡಿಸದೆ ಮುಂಗಡ ಕೊಡಬೇಡಿ.

ತಿಪಟೂರು ತೋಟದವನು:

ಎಲ್ಲರಿಗೂ ಕೈಮುಗಿದೆ. ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ, ಎರಡೂ ಕಡೆ ಮತ್ತೆ ಹೋಗಿ ಬಂದೆ.

ಮೊದಲು ತುಮಕೂರು. ಡಾಕ್ಟರು ಬಹಳ ಒಳ್ಳೆಯವರು, ಕಿಟಕಿ ಹತ್ತಿರ ಮೇಜು ಹಾಕಿ ಬಿಳಿ ಟವೆಲ್ ಹಾಸಿಕೊಟ್ಟರು. ಭೂತಗನ್ನಡಿ ಇಟ್ಟು ಆ ಕುದುರೆ ಮರಿ ನೋಡಿದೆ. ಮೈ ಇದೆ, ಬಾಲ ಇದೆ, ಮುಂಗಾಲು ಇಲ್ಲ. ಕಾಲಿದ್ದ ಜಾಗ ನುಣ್ಣಗೆ ಹೊಳೆಯುತ್ತಿದೆ. ಒಂದು ನಿಮಿಷ ಬಾಯಿಂದ ಮಾತೇ ಬರಲಿಲ್ಲ. ಹಿಡಿಯ ತಟ್ಟೆ ಬಿಚ್ಚಿದಾಗ ಸಿಡುಬಿನ ಕಲೆಯ ಹಾಗೆ ಗುಳಿಗಳು, ಗುಳಿಯ ಒಳಗೆಲ್ಲ ಹೊಸ ಬಣ್ಣ. ಡಾಕ್ಟರಿಗೇ ಗೊತ್ತಿರಲಿಲ್ಲ. ಒಂದು ಎಲೆಕ್ಷನ್ ಮುಗಿದು ವಾಪಸ್ ಬಂದಾಗ ತುಕ್ಕು ಹಿಡಿದಿತ್ತಂತೆ, ಯಾರಿಗೋ ಕೊಟ್ಟು ‘ಚೆನ್ನಾಗಿ ಮಾಡಿಕೊಡಿ’ ಅಂದಿದ್ದರಂತೆ. ಅವರು ಪಾಪ, ಚೆನ್ನಾಗಿಯೇ ಮಾಡಿಸಿದೆ ಅಂದುಕೊಂಡಿದ್ದರು. ನಾನು ತೋರಿಸಿದಾಗ ಅವರ ಮುಖ ನೋಡೋಕಾಗಲಿಲ್ಲ. ಕಾಫಿ ಕುಡಿದು ಬಂದೆ.

ಮಾರನೇ ದಿನ ಮಧುಗಿರಿ. ವೆಬ್ಲಿಯ ಕೀಲು ಅಲ್ಲಾಡಲಿಲ್ಲ, ಚೂರೂ ಇಲ್ಲ. ನಳಿಕೆಯ ಒಳಗೆ ಬಾಯಿಯ ಹತ್ತಿರ ಒಂದಿಷ್ಟು ಗುಳಿ ಇದೆ. ಮೈಮೇಲೆ ವೆಬ್ಲಿ ಕಂಪನಿಯ ರೆಕ್ಕೆ ಇರುವ ಗುಂಡಿನ ಗುರುತು, ರೆಕ್ಕೆಯ ಒಂದೊಂದು ಗೆರೆಯೂ ಕಾಣುತ್ತದೆ. ಯಾರೂ ಉಜ್ಜಿಲ್ಲ. ಪಟೇಲರ ಸೊಸೆ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಮಾವನವರ 1962ರ ಲೈಸೆನ್ಸ್ ಪುಸ್ತಕ, ಮೈಸೂರು ರಾಜ್ಯ ಅಂತ ಅಚ್ಚಾಗಿರುವುದು. ವಕೀಲರು ಹೇಳಿದ ಹಾಗೆ ಅಂಕಿ ಅಂಕಿ ಹೋಲಿಸಿದೆ, ಎಲ್ಲ ಸರಿ ಇದೆ. ಅದೇ ಮನೆ, ಅದೇ ನಂಬರ್, ಅರವತ್ತು ವರ್ಷದ ಮೇಲಾಯಿತು. ಆ ಪುಸ್ತಕ ನೋಡಿದ ಮೇಲೆ ನನಗೆ ಕೋಲ್ಟ್ ನೆನಪೇ ಬರಲಿಲ್ಲ. ಹಳೇ ವಸ್ತು ಅಂದರೆ ನನಗೆ ಅದೇ. ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಅಂತ ತಾನೇ ಹೇಳಬೇಕು.

1,45,000ಕ್ಕೆ ಮಾತಾಯಿತು. ಅವರು ಪತ್ರ ಬರೆದು ಕೊಟ್ಟು ಸ್ವೀಕೃತಿ ತಗೊಂಡಿದ್ದಾರೆ.

ಒಂದೇ ಚಿಂತೆ. ಆರು ಕೋಣೆಯಲ್ಲಿ ಐದು ಸರಿಯಾಗಿ ನಿಲ್ಲುತ್ತವೆ. ಒಂದು ಮಾತ್ರ ಸ್ವಲ್ಪ ತಡವಾಗಿ ಕೂರುತ್ತದೆ, ಬೆರಳಿಂದ ಒಂಚೂರು ತಳ್ಳಬೇಕು. ಒಳಗೆ ಎಲ್ಲ ಹಳದಿ ಅಂಟು. ಪಟೇಲರು ಯಾವಾಗಲೂ ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಿದ್ದರಂತೆ. ರಿಪೇರಿ ಅಣ್ಣಾ, ಇದು ಸವೆತವಾ?

ಕೋವಿ ರಿಪೇರಿ, ಚಿಕ್ಕಬಳ್ಳಾಪುರ:

ಒಳ್ಳೇ ಆಯ್ಕೆ ಮಾಡಿದಿರಿ ಅಣ್ಣಾ. ಕೊಬ್ಬರಿ ಎಣ್ಣೆ ಅಂದಮೇಲೆ ಅರ್ಧ ಉತ್ತರ ಸಿಕ್ಕಿತು. ಚಳಿಗಾಲದ ಬೆಳಗ್ಗೆ ಅದು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಬಂದೂಕಿನ ಒಳಗೂ ಹಾಗೇ. ವರ್ಷಗಟ್ಟಲೆ ಧೂಳು ಸೇರಿದರೆ ಮೇಣದ ಹಾಗೆ ಕಟ್ಟಿಕೊಂಡು, ಉರುಳೆ ತಿರುಗಿಸುವ ಕೈಯನ್ನೇ ಹಿಡಿದಿಡುತ್ತದೆ. ಸವೆತವೂ ಇರಬಹುದು, ಆದರೆ ತೊಳೆಯದೆ ಹೇಳೋಕಾಗಲ್ಲ.

ನಿಮ್ಮ ಹೆಸರಿಗೆ ಬಂದಮೇಲೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಕೊಟ್ಟು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಹಲ್ಲುಜ್ಜುವ ಮೆತ್ತನೆ ಬ್ರಷ್ಷಿನಿಂದ ತೊಳೆಸಿ. ಹಿಡಿಯ ತಟ್ಟೆ ಮೊದಲು ಬಿಚ್ಚಿಡಲಿ. ಆಮೇಲೆ ಬಂದೂಕಿನ ಎಣ್ಣೆ ಒಂದೆರಡು ಹನಿ, ಅಷ್ಟೇ. ಯಾರಾದರೂ ‘ಅರ ಹಾಕಿ ಸರಿ ಮಾಡುತ್ತೇನೆ’ ಅಂದರೆ ವಾಪಸ್ ಇಸ್ಕೊಂಡು ಬನ್ನಿ. ಅಂಚಿನ ಆ ಕಂದು ಬಣ್ಣ ಮುಟ್ಟಿಸಬೇಡಿ.

ತಿಪಟೂರು ತೋಟದವನು:

ಹಾಗೇ ಮಾಡಿಸುತ್ತೇನೆ. ಅಪ್ಪನ ಕೋವಿಗೂ ಇಷ್ಟು ವರ್ಷ ನಾವು ಕೊಬ್ಬರಿ ಎಣ್ಣೆಯನ್ನೇ ಹಚ್ಚುತ್ತಿದ್ದೆವು, ಇವತ್ತು ಸಂಜೆ ಅದನ್ನೂ ಒರೆಸಿದೆ. ಪತ್ರ ಕೊಟ್ಟು ಇವತ್ತಿಗೆ ಒಂಬತ್ತು ದಿನ. ಇನ್ನು ಮೂವತ್ತಾರು.