ಹಳೆ ಕಾರಿಗೆ ರಿವರ್ಸ್ ಸೆನ್ಸರ್: ಬಂಪರ್‌ಗೆ ತೂತು ಕೊರೆಯುವ ಮುಂಚೆ

ಪ್ರಶ್ನೆ (ತುಮಕೂರಿನಿಂದ): ಎರಡು ತಿಂಗಳ ಹಿಂದೆ 2014ರ ಐ10 ಸೆಕೆಂಡ್ ಹ್ಯಾಂಡ್ ತಗೊಂಡೆ. ಗಾಡಿ ಚೆನ್ನಾಗಿದೆ, ರಿವರ್ಸ್ ಸೆನ್ಸರ್ ಮಾತ್ರ ಇಲ್ಲ. ನಮ್ಮ ಮನೆ ಗೇಟು ಚಿಕ್ಕದು. ಒಳಗೆ ಒಂದು ಕಡೆ ತುಳಸಿ ಕಟ್ಟೆ, ಇನ್ನೊಂದು ಕಡೆ ಸಂಪು. ಹೋದ ವಾರ ಕಟ್ಟೆಗೆ ಬಂಪರ್ ತಾಗಿಸಿ ಅಮ್ಮನ ಹತ್ತಿರ ಚೆನ್ನಾಗಿ ಬೈಸಿಕೊಂಡೆ. ನಾಲ್ಕು ಸೆನ್ಸರ್ ಇರುವ ಕಿಟ್ ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೇ ಸಿಗುತ್ತಿದೆ. ನಾನೇ ಹಾಕಿಕೊಳ್ಳಬಹುದಾ ಸರ್? ಇಲ್ಲ ಅಂಗಡಿಗೇ ಹೋಗಬೇಕಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹಾಸನ): ನಮಸ್ಕಾರ ಸರ್. ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಆಗಿದ್ದೇ 2019ರ ಜುಲೈ 1ರಿಂದ. ಅದಕ್ಕಿಂತ ಹಳೆ ಗಾಡಿಗಳಲ್ಲಿ ಮೇಲಿನ ಮಾಡೆಲ್‌ಗೆ ಬಿಟ್ಟರೆ ಇರುತ್ತಿರಲಿಲ್ಲ. ಹಾಗಾಗಿ ನಿಮ್ಮ ಗಾಡಿಯಲ್ಲಿ ಏನೋ ಕಿತ್ತಿದ್ದಾರೆ ಅಂತ ಅನುಮಾನ ಬೇಡ.

ನೀವೇ ಹಾಕಬಹುದು. ಕರೆಂಟ್ ಕೆಲಸ ಅರ್ಧ ಗಂಟೆಯದ್ದು. ಕಷ್ಟ ಇರೋದು ತೂತಿನಲ್ಲಿ. ವೈರ್ ತಪ್ಪಾದರೆ ಬಿಚ್ಚಿ ಮತ್ತೆ ಹಾಕಬಹುದು, ಬಂಪರ್‌ನಲ್ಲಿ ತಪ್ಪು ಜಾಗದಲ್ಲಿ ತೂತು ಬಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಕಿಟ್ ತರಿಸುವ ಮೊದಲು ಒಂದು ಕೆಲಸ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ರಿವರ್ಸ್ ಗೇರ್ ಹಾಕಿ. ಹಿಂದೆ ಬಿಳಿ ಲೈಟ್ ಹತ್ತುತ್ತದಾ ನೋಡಿ. ಸೆನ್ಸರ್ ಬಾಕ್ಸ್‌ಗೆ ಕರೆಂಟ್ ಬರೋದೇ ಆ ಲೈಟಿನ ವೈರಿನಿಂದ. ಹಳೆ ಗಾಡಿಗಳಲ್ಲಿ ಬಲ್ಬ್ ಹೋಗಿರುತ್ತದೆ, ಹೋಲ್ಡರ್ ತುಕ್ಕು ಹಿಡಿದಿರುತ್ತದೆ, ಕೆಲವೊಮ್ಮೆ ಗೇರ್ ಬಾಕ್ಸ್‌ನಲ್ಲಿರುವ ರಿವರ್ಸ್ ಸ್ವಿಚ್ಚೇ ಸತ್ತಿರುತ್ತದೆ. ಓನರ್‌ಗೆ ಗೊತ್ತೇ ಇರಲ್ಲ. ನಮ್ಮ ಅಂಗಡಿಗೆ "ಹೊಸ ಕಿಟ್ ಡೆಡ್" ಅಂತ ಬಂದವರಲ್ಲಿ ಸುಮಾರು ಜನರ ಕಿಟ್ ಚೆನ್ನಾಗೇ ಇತ್ತು.

ಆಮೇಲೆ ಬಂಪರ್ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿ ಅಂದ ಮೇಲೆ ಹಿಂದೆ ಎಲ್ಲೋ ಒಂದು ಸಲ ತಾಗಿ, ಪುಟ್ಟಿ ಹಾಕಿ ಪೇಂಟ್ ಹೊಡೆಸಿರೋದು ಸಾಮಾನ್ಯ. ಬೆರಳಿನಿಂದ ತಟ್ಟುತ್ತಾ ಹೋಗಿ. ಬರೀ ಪ್ಲಾಸ್ಟಿಕ್ ಇರುವ ಕಡೆ ಟೊಳ್ಳು ಸದ್ದು, ಪುಟ್ಟಿ ಇರುವ ಕಡೆ ಮಂದ ಸದ್ದು. ನಾನು ಕೆಲಸ ಕಲಿಯುವಾಗ ಒಬ್ಬರ ಗಾಡಿಗೆ ಇದನ್ನು ನೋಡದೆ ಡ್ರಿಲ್ ಇಟ್ಟೆ. ಅಂಗೈಯಷ್ಟು ಅಗಲ ಪುಟ್ಟಿ ಪೇಂಟಿನ ಸಮೇತ ಚಕ್ಕೆ ಎದ್ದು ಕಾಲ ಮೇಲೆ ಬಿತ್ತು. ಆ ತಿಂಗಳ ಸಂಬಳದಲ್ಲಿ ಪೇಂಟಿಂಗ್ ದುಡ್ಡು ಕಟ್ ಆಯಿತು.

ಎತ್ತರ ನೆಲದಿಂದ 50ರಿಂದ 65 ಸೆಂಟಿಮೀಟರ್ ಒಳಗೆ ಬರಲಿ. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು. ಬಂಪರ್ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ನಾಲ್ಕು ಗುರುತು ಮಾಡಿ. ಮೂಲೆಯವು ಎರಡು ಅಂಚಿನಿಂದ ಗೇಣುದ್ದಕ್ಕಿಂತ ಸ್ವಲ್ಪ ಒಳಗೆ, ನಡುವಿನವು ಸಮ ಅಂತರದಲ್ಲಿ. ಗುರುತು ಮಾಡಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಟೇಪಿನ ಅಳತೆ ಸರಿ ಇದ್ದರೂ ಕಣ್ಣಿಗೆ ಒಂದು ಕಡೆ ಇಳಿದಂತೆ ಕಂಡರೆ ಗಾಡಿ ಇರುವಷ್ಟು ದಿನ ಅದೇ ಕಾಣುತ್ತಿರುತ್ತದೆ. ಬಂಪರ್ ಹಿಂದೆ ಕಬ್ಬಿಣದ ಪಟ್ಟಿ ಇರುತ್ತದೆ. ಕೆಳಗಿನಿಂದ ಕೈ ಹಾಕಿ, ಗುರುತಿನ ಹಿಂದೆ ಸೆನ್ಸರ್ ಕೂರುವಷ್ಟು ಜಾಗ ಇದೆಯಾ ಅಂತ ಮುಟ್ಟಿ ನೋಡಿ.

ಕಿಟ್ ಜೊತೆಗೇ ಹೋಲ್ ಕಟರ್ ಬರುತ್ತದೆ, ಹೆಚ್ಚಿನವು 22 ಮಿಲಿಮೀಟರ್‌ನವು. ಬೇರೆ ಕಟರ್ ಬಳಸಬೇಡಿ. ಮೊದಲು ಸಣ್ಣ ಬಿಟ್‌ನಿಂದ ತೂತು, ಆಮೇಲೆ ಕಟರ್. ಡ್ರಿಲ್ ನಿಧಾನಕ್ಕೆ ತಿರುಗಲಿ. ಜೋರಾಗಿ ಬಿಟ್ಟರೆ ಪ್ಲಾಸ್ಟಿಕ್ ಕರಗಿ ಕಟರ್‌ಗೆ ಅಂಟಿ, ತೂತು ಅಂಕುಡೊಂಕಾಗುತ್ತದೆ. ಸೆನ್ಸರ್ ಹಿಂದೆ ಬಾಣದ ಗುರುತು ಇದ್ದರೆ ಅದು ಮೇಲಕ್ಕೇ ಬರಬೇಕು. ತಲೆಕೆಳಗೆ ಕೂರಿಸಿದರೆ ನೆಲವನ್ನೇ ಗೋಡೆ ಅಂದುಕೊಂಡು ಸುಮ್ನೆ ಕೂಗುತ್ತಿರುತ್ತದೆ.

ವೈರನ್ನು ಡಿಕ್ಕಿ ಒಳಗೆ ತರಲು ಹೊಸ ತೂತು ಬೇಡ. ಈಗಾಗಲೇ ಇರುವ ರಬ್ಬರ್ ಗ್ರೊಮೆಟ್ (ವೈರ್ ಹೋಗುವ ತೂತಿಗೆ ಕೂರಿಸಿರುವ ರಬ್ಬರ್ ಬಿರಡೆ) ಮೂಲಕ ತನ್ನಿ, ಸುತ್ತ ಸಿಲಿಕಾನ್ ಹಚ್ಚಿ. ಇಲ್ಲದಿದ್ದರೆ ಮಳೆ ನೀರೂ ಬರುತ್ತದೆ, ಇಲಿಯೂ ಬರುತ್ತದೆ. ರಿವರ್ಸ್ ಲೈಟ್ ವೈರನ್ನು ಬಣ್ಣ ನೋಡಿ ಹಿಡಿಯಬೇಡಿ, ಟೆಸ್ಟ್ ಲ್ಯಾಂಪ್ ಹಾಕಿ ಹಿಡಿಯಿರಿ. ಜಾಯಿಂಟ್‌ಗೆ ಸೋಲ್ಡರ್ ಮಾಡಿ ಸ್ಲೀವ್ ಹಾಕಿ. ಬರೀ ಸುತ್ತಿ ಟೇಪ್ ಹಾಕಿದ್ದು ಒಂದು ಬೇಸಿಗೆಗೇ ಅಂಟು ಬಿಟ್ಟು ಜಾರುತ್ತದೆ.

ಡ್ಯಾಶ್‌ಬೋರ್ಡ್ ಮೇಲಿನ ಡಿಸ್‌ಪ್ಲೇ ಬೇಕೇ ಬೇಕು ಅಂತಿಲ್ಲ. ಬಜರ್ ಹಿಂದೆಯೇ ಇದ್ದರೂ ಐ10ನಂಥ ಚಿಕ್ಕ ಗಾಡಿಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಮುಂದಿನವರೆಗೆ ವೈರ್ ಎಳೆಯಲು ಹೋಗಿ ಹತ್ತು ವರ್ಷದ ಹಳೆ ಪ್ಲಾಸ್ಟಿಕ್ ಕ್ಲಿಪ್ ಮುರಿದುಕೊಂಡವರೇ ಜಾಸ್ತಿ.

ಪ್ರಶ್ನೆ (ಅದೇ ತುಮಕೂರಿನವರು): ಥ್ಯಾಂಕ್ಸ್ ಸರ್. ಲೈಟ್ ನೋಡಿದೆ, ಹತ್ತಲಿಲ್ಲ! ಬಿಚ್ಚಿದರೆ ಹೋಲ್ಡರ್‌ನಲ್ಲಿ ಹಸಿರು ಕಿಲುಬು. ಉಜ್ಜಿ ಬಲ್ಬ್ ಬದಲಾಯಿಸಿದೆ, ಈಗ ಹತ್ತುತ್ತಿದೆ. ಇನ್ನೊಂದು ಡೌಟು. ನಮ್ಮ ತುಳಸಿ ಕಟ್ಟೆಯ ಮೂಲೆಯೇ ಗಾಡಿ ಕಡೆಗಿದೆ. ಅದನ್ನು ಸೆನ್ಸರ್ ಹಿಡಿಯುತ್ತದಾ?

ಉತ್ತರ: ಒಳ್ಳೆ ಪ್ರಶ್ನೆ, ಹೆಚ್ಚಿನವರು ಇದನ್ನು ಕೇಳಲ್ಲ. ಸೆನ್ಸರ್ 40 ಕಿಲೋಹರ್ಟ್ಸ್‌ನ ಸದ್ದು ಬಿಡುತ್ತದೆ, ನಮ್ಮ ಕಿವಿಗೆ ಕೇಳದ್ದು. ಅದು ತಾಗಿ ವಾಪಸ್ ಬರುವ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಒಂದೂವರೆ ಮೀಟರ್ ದೂರದ ಗೋಡೆ ಅಂದರೆ ಹೋಗಿ ಬರೋದಕ್ಕೆ ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ನೇರ ಗೋಡೆ ಆದರೆ ಸದ್ದು ನೇರ ವಾಪಸ್ ಬರುತ್ತದೆ. ಕಟ್ಟೆಯ ಮೂಲೆ ಗಾಡಿ ಕಡೆ ಇದ್ದರೆ ಸದ್ದು ಎರಡೂ ಪಕ್ಕಕ್ಕೆ ಜಾರಿ ಹೋಗುತ್ತದೆ. ಕ್ಯಾರಂ ಕಾಯಿನ್ ಓರೆಯಾಗಿ ಪಟ್ಟಿಗೆ ಬಡಿದಂತೆ. ಹಾಗಾಗಿ ತಡವಾಗಿ ಕೂಗಬಹುದು. ಫಿಟ್ ಮಾಡಿದ ದಿನವೇ ಕಾರು ನಿಲ್ಲಿಸಿ, ಒಬ್ಬರನ್ನು ಹಿಂದೆ ನಿಲ್ಲಿಸಿಕೊಂಡು, ಎಲ್ಲಿ ಕೂಗುತ್ತದೆ ಅಂತ ನೋಡಿ.

ತೀರಾ ಹತ್ತಿರ ಬಂದಾಗಲೂ ನಂಬಬೇಡಿ. ಬಿಡೋದೂ ಕೇಳೋದೂ ಒಂದೇ ತಟ್ಟೆ. ಸದ್ದು ಬಿಟ್ಟ ಮೇಲೆ ಅದರ ಅದುರು ನಿಲ್ಲುವಷ್ಟರಲ್ಲಿ ತೀರಾ ಹತ್ತಿರದ ಪ್ರತಿಧ್ವನಿ ಬಂದು ಹೋಗಿರುತ್ತದೆ. ಅದಕ್ಕೇ ಸುಮಾರು 30 ಸೆಂಟಿಮೀಟರ್‌ಗೇ ಬಿಡದೆ ಕೂಗೋದು. ಆ ಉದ್ದ ಕೂಗು ಬಂತು ಅಂದರೆ ಬ್ರೇಕ್, ಅಷ್ಟೇ.

ಸಂಪಿನ ಮುಚ್ಚಳ ತೆಗೆದಿದ್ದರೆ ಅದು ಸೆನ್ಸರ್‌ಗೆ ಕಾಣಲ್ಲ. ತೆರೆದ ಚರಂಡಿಯೂ ಅಷ್ಟೇ. ಎದ್ದು ನಿಂತಿದ್ದನ್ನು ಮಾತ್ರ ಅದು ನೋಡುತ್ತದೆ.

ಪ್ರಶ್ನೆ (ಶಿರಸಿಯಿಂದ): ಅಣ್ಣಾ, ನಮ್ಮದು ಹಳೆ ಬೊಲೆರೋ. ಸೆನ್ಸರ್ ಹಾಕಿಸಿ ಒಂದು ವರ್ಷ ಆಯ್ತು. ಮಳೆಗಾಲದಲ್ಲಿ ರಿವರ್ಸ್ ಹಾಕಿದ ಕೂಡಲೇ ಕೂಗುತ್ತದೆ, ಹಿಂದೆ ಏನೂ ಇರಲ್ಲ. ಬೇಸಿಗೆಯಲ್ಲಿ ಸರಿ ಇರುತ್ತದೆ.

ಉತ್ತರ: ನಿಮ್ಮ ಕಡೆ ಕೆಂಪು ರಾಡಿ ಅಲ್ವಾ? ಸೆನ್ಸರ್ ಮುಖದ ಮೇಲೆ ಒಣಗಿ ಗಟ್ಟಿ ಕೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರೆಷರ್ ವಾಷರ್ ಹತ್ತಿರದಿಂದ ಹೊಡೆಸಬೇಡಿ. ಆಮೇಲೂ ಕೂಗಿದರೆ ರಿವರ್ಸ್ ಹಾಕಿ ಒಂದೊಂದು ಸೆನ್ಸರ್ ಮೇಲೂ ಬೆರಳಿಡಿ. ಕೆಲಸ ಮಾಡುತ್ತಿರುವುದು ಸಣ್ಣಗೆ ಟಿಕ್ ಟಿಕ್ ಅಂತ ಬೆರಳಿಗೆ ಗೊತ್ತಾಗುತ್ತದೆ. ಗೊತ್ತಾಗದೇ ಇರುವುದರ ಸಾಕೆಟ್‌ಗೆ ನೀರು ಇಳಿದಿದೆಯಾ ನೋಡಿ.

ಇನ್ನೊಂದು ಮಾತು. ಬೊಲೆರೋಗೆ ಸ್ಟೆಪ್ನಿ ಹಿಂದಿನ ಬಾಗಿಲ ಮೇಲೆ. ಸೆನ್ಸರ್ ಅಳೆಯೋದು ಬಂಪರ್‌ನಿಂದ. ಅದು "ಇನ್ನೂ ಜಾಗ ಇದೆ" ಅನ್ನುವಾಗ ಸ್ಟೆಪ್ನಿ ಗೋಡೆಗೆ ತಾಗಿರುತ್ತದೆ. ನಿಮ್ಮ ಗಾಡಿಯಲ್ಲಿ ಅದು ಬಂಪರ್‌ಗಿಂತ ಎಷ್ಟು ಹೊರಗೆ ಬರುತ್ತದೆ ಅಂತ ಒಂದು ಸಲ ಟೇಪ್ ಹಿಡಿದು ಅಳೆದಿಟ್ಟುಕೊಳ್ಳಿ.

ಪ್ರಶ್ನೆ (ತುಮಕೂರಿನವರು): ಭಾನುವಾರ ಹಾಕಿಬಿಟ್ಟೆ ಸರ್. ಮೂರು ತೂತು ಸುಸೂತ್ರ, ನಾಲ್ಕನೆಯದರ ಅಂಚಿನಲ್ಲಿ ಪೇಂಟ್ ಚೂರು ಎದ್ದಿತು, ಸೆನ್ಸರ್ ರಿಂಗ್ ಅಡಿ ಮುಚ್ಚಿಹೋಯಿತು. ಕಟ್ಟೆಗೆ ಕೊನೆ ಗಳಿಗೆವರೆಗೂ ಕೂಗಲೇ ಇಲ್ಲ, ನೀವು ಹೇಳಿದ ಹಾಗೇ. ಅಮ್ಮ ಒಂದು ಹಳೆ ಹಲಗೆಯನ್ನು ಕಟ್ಟೆ ಮುಂದೆ ಗಾಡಿಗೆ ನೇರವಾಗಿ ಒರಗಿಸಿದರು. ಈಗ ಒಂದು ಮೀಟರ್‌ನಿಂದಲೇ ಕೂಗುತ್ತದೆ.

ಉತ್ತರ: ಸರ್, ಆ ಹಲಗೆ ಗಾಳಿಗೆ ಬೀಳದ ಹಾಗೆ ಕಟ್ಟಿಡಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.