ಕೊನ್ನಕೋಲ್ ಕ್ಲಿಪ್ 96ರಿಂದ 128ಕ್ಕೆ: ಬೀಟ್ಸ್ ಮೋಡ್‌ನಲ್ಲಿ ಟಿಕ್ ಟಿಕ್, ಕಾಂಪ್ಲೆಕ್ಸ್ ಪ್ರೊನಲ್ಲಿ ಮಸುಕು

ಖಂಡಛಾಪು:

ಏಬಲ್ಟನ್ ಲೈವ್ 12 (ಸಂಗೀತ ಜೋಡಿಸುವ ಸಾಫ್ಟ್‌ವೇರ್). ಪ್ರಾಜೆಕ್ಟ್ 128 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್), 4/4. ಕೈಯಲ್ಲಿರುವುದು ಒಂಟಿ ದನಿಯ ಕೊನ್ನಕೋಲ್ (ತಾಳದ ಜತಿಗಳನ್ನು ಬಾಯಲ್ಲಿ ಹೇಳುವುದು), ಮೊನೊ ಫೈಲ್. ಕ್ಲಿಕ್ ಕೇಳಿಸಿಕೊಂಡು 96ರಲ್ಲಿ ಹೇಳಿಸಿದ್ದು, ನಾಲ್ಕು ಬಾರ್, ಒಂದು ಸಿಕ್ಸ್‌ಟೀನ್ತ್‌ಗೆ (ಬೀಟ್‌ನ ಕಾಲು ಭಾಗಕ್ಕೆ) ಒಂದು ಅಕ್ಷರ. ಪ್ರತಿ ಬಾರ್ ಹೀಗಿದೆ:

ತಕಧಿಮಿ ತಕ ತದಿಗಿಣತೊಂ ತಕತಕಿಟ

ತೊಂದರೆಗಳು:

ಬೀಟ್ಸ್ ಮೋಡ್‌ನಲ್ಲಿ ವಾರ್ಪ್ ಮಾಡಿದರೆ (ಅಂದ್ರೆ ದನಿಯನ್ನು ಪ್ರಾಜೆಕ್ಟಿನ ವೇಗಕ್ಕೆ ಎಳೆದು ಹೊಂದಿಸಿದರೆ) ಅಕ್ಷರಗಳ ಸಂದಿಯಲ್ಲಿ ಟಿಕ್ ಸದ್ದು. ಅದಕ್ಕಿಂತ ವಿಚಿತ್ರ ಅಂದ್ರೆ, 'ದಿಗಿಣ' ಅನ್ನುವುದು 'ತಿಕಿಣ' ಅಂತ ಕೇಳುತ್ತಿದೆ. ಕಾಂಪ್ಲೆಕ್ಸ್ ಪ್ರೊನಲ್ಲಿ ಟಿಕ್ ಇಲ್ಲ, ಆದರೆ ವ್ಯಂಜನಗಳೆಲ್ಲ ನೀರು ಕುಡಿದ ಹಾಗೆ.

ಇದೇ ಕ್ಲಿಪ್‌ನಿಂದ ಬೇರೆ ಬೇರೆ ನಡೆ ಹುಟ್ಟಿಸಬೇಕು, 64 ತುಂಡು ಮಾಡಿ ಡ್ರಮ್ ರ್‍ಯಾಕ್‌ಗೆ ತುಂಬುವ ಕೆಲಸ ಬೇಡ. ಸ್ಯಾಂಪಲ್ ಆಫ್‌ಸೆಟ್ ಎನ್ವಲಪ್‌ನಲ್ಲಿ (ಕ್ಲಿಪ್ ಓದುವ ಜಾಗವನ್ನು ಹಿಂದೆ ಮುಂದೆ ಸರಿಸುವ ಗೆರೆ) ಆಗುತ್ತೆ ಅಂತಾರೆ, ಆದರೆ ನನ್ನ ಪಟ್ಟಿಯಲ್ಲಿ ಆ ಹೆಸರೇ ಕಾಣುತ್ತಿಲ್ಲ.

ಲಯಭಂಗ:

ವಾರ್ಪ್ ಮೋಡ್ ಹುಡುಕುವ ಮೊದಲು ಲೆಕ್ಕ ನೋಡಿ. 96ರಲ್ಲಿ ಒಂದು ಸಿಕ್ಸ್‌ಟೀನ್ತ್ ಅಂದ್ರೆ 156.25 ಮಿಲಿಸೆಕೆಂಡ್. 128ರಲ್ಲಿ ಒಂದು ಬೀಟ್ 468.75, ಅದನ್ನು ಮೂರು ಪಾಲು ಮಾಡಿದರೆ? 156.25! ಅಂದರೆ ನಿಮ್ಮ 96ರ ಚತುರಶ್ರ (ಬೀಟ್‌ಗೆ ನಾಲ್ಕು ಅಕ್ಷರ) ಒಂದು ಕೂದಲೂ ಎಳೆಯದೆ 128ರ ತಿಶ್ರ (ಬೀಟ್‌ಗೆ ಮೂರು) ನಡೆಯಾಗಿ ಕೂರುತ್ತದೆ. 96:128 ಅಂದರೆ 3:4, ಅಷ್ಟೇ.

ಎಳೆಯದಿದ್ದರೆ ಟಿಕ್ಕೂ ಇಲ್ಲ, ಮಸುಕೂ ಇಲ್ಲ. 'ತಕಧಿಮಿ'ಯ ನಾಲ್ಕು ಅಕ್ಷರ ಮೂರರ ಬೀಟ್ ಮೇಲೆ ಜಾರಿಕೊಂಡು ಹೋಗುತ್ತದೆ, ಕಿಕ್ ಡ್ರಮ್ ತನ್ನ ಪಾಡಿಗೆ ನಾಲ್ಕು ಹೊಡೆಯುತ್ತಿರುತ್ತದೆ. ಕೇಳೋಕೆ ಇದೇ ಚಂದ.

ದಾರಿ ಹೀಗೆ: ಪ್ರಾಜೆಕ್ಟನ್ನು ತಾತ್ಕಾಲಿಕವಾಗಿ 96ಕ್ಕೆ ಇಳಿಸಿ. ಅಕ್ಷರಗಳನ್ನು ವಾರ್ಪ್ ಮಾರ್ಕರ್‌ನಿಂದ (ದನಿಯ ಒಂದು ಬಿಂದುವನ್ನು ಗ್ರಿಡ್‌ಗೆ ಕಟ್ಟುವ ಗುರುತು) ಗ್ರಿಡ್‌ಗೆ ಕೂರಿಸಿ. ದನಿ ಎಷ್ಟೇ ಪಕ್ಕಾ ಇದ್ದರೂ ಅಲ್ಲಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡ್ ಆಚೀಚೆ ಇರುತ್ತದೆ, ತಿಶ್ರದಲ್ಲಿ ಅದು ಎದ್ದು ಕಾಣುತ್ತದೆ. ಅರೇಂಜ್‌ಮೆಂಟ್‌ನಲ್ಲಿ ಮೂರು ಬಾರ್ ಮಾತ್ರ ಆಯ್ದು ಕಂಟ್ರೋಲ್+ಜೆ ಒತ್ತಿ ಕನ್ಸಾಲಿಡೇಟ್ ಮಾಡಿ. ಹೊಸ ಫೈಲ್ ಬರುತ್ತದೆ. ಪ್ರಾಜೆಕ್ಟನ್ನು 128ಕ್ಕೆ ಏರಿಸಿ, ಹೊಸ ಕ್ಲಿಪ್‌ನ ಬಿಪಿಎಂ ಖಾನೆಯಲ್ಲಿ 96 ಅಳಿಸಿ 128 ಬರೆಯಿರಿ. ಲೈವ್‌ಗೆ ಸುಳ್ಳು ಹೇಳಿದ ಹಾಗೆ, ಅದು ಎಳೆಯುವುದನ್ನು ಬಿಟ್ಟುಬಿಡುತ್ತದೆ.

ವಾರ್ಪ್ ಬಟನ್ನನ್ನೇ ಆರಿಸಿದರೂ ವೇಗ ಅದೇ ಬರುತ್ತದೆ, ಆದರೆ ವಾರ್ಪ್ ಇಲ್ಲದ ಕ್ಲಿಪ್ ಲೂಪ್ ಆಗುವುದಿಲ್ಲ. ಹಾಗಾಗಿ ಈ ಸುಳ್ಳು.

ಮೂರೇ ಬಾರ್ ಯಾಕೆ ಅಂದ್ರೆ, ಮೂರು ಬಾರ್‌ಗೆ 48 ಅಕ್ಷರ, 7.5 ಸೆಕೆಂಡ್, 128ರಲ್ಲಿ ಸರಿಯಾಗಿ ನಾಲ್ಕು ಬಾರ್. ನಿಮ್ಮ ನಾಲ್ಕೂ ಬಾರ್ ಇಟ್ಟುಕೊಂಡರೆ 64 ಅಕ್ಷರ ಐದೂಕಾಲು ಚಿಲ್ಲರೆ ಬಾರ್ ಆಗಿ, ಲೂಪ್ ಸಮಕ್ಕೆ ಬರುವುದೇ ಇಲ್ಲ. ಕಂಟ್ರೋಲ್+3 ಒತ್ತಿದರೆ ಗ್ರಿಡ್ ಟ್ರಿಪ್ಲೆಟ್ ಆಗುತ್ತದೆ, ಅಕ್ಷರ ಕೂತಿದೆಯೇ ಅಂತ ಕಣ್ಣಲ್ಲೇ ನೋಡಬಹುದು.

ಮೂಲೆಸ್ಪೀಕರ್:

ಮೇಲಿನ ಉಪಾಯ ಚೆನ್ನಾಗಿದೆ, ಆದರೆ ಚತುರಶ್ರವಾಗಿಯೇ 128ರಲ್ಲಿ ಬೇಕು ಅನ್ನುವವರಿಗೆ ಎಳೆಯದೆ ಗತಿಯಿಲ್ಲ. ಟಿಕ್ ಮತ್ತು 'ತಿಕಿಣ', ಎರಡರ ಮೂಲವೂ ಒಂದೇ: ಮಾರ್ಕರ್ ಕೂತ ಜಾಗ.

'ತ', 'ಕ', 'ಟ' ಅಕ್ಷರಗಳಲ್ಲಿ ಮೊದಲು ಮೌನ, ಆಮೇಲೆ ಸ್ಫೋಟ. ಲೈವ್‌ನ ಟ್ರಾನ್ಸಿಯೆಂಟ್ (ದನಿ ಥಟ್ಟನೆ ಏಳುವ ಜಾಗ) ಹುಡುಕಾಟಕ್ಕೆ ಇವು ಸಲೀಸು. 'ದಿ', 'ಗಿ' ಹಾಗಲ್ಲ. ನಾಲಿಗೆ ಬಿಡುಗಡೆಯಾಗುವ ಮೊದಲೇ ಗಂಟಲು ಗುಂಯ್ ಅನ್ನುತ್ತಿರುತ್ತದೆ. ವೇವ್‌ಫಾರ್ಮ್ ಹಿಗ್ಗಿಸಿ ನೋಡಿ: ದೊಡ್ಡ ಏರಿಕೆಗೆ ಮುಂಚೆ ಸಣ್ಣ, ದುಂಡಗಿನ ಅಲೆಗಳ ಸಾಲು ಕಾಣುತ್ತದೆ. ನಮ್ಮ ಕಿವಿ 'ದಿ'ಯನ್ನು 'ತಿ'ಯಿಂದ ಬೇರೆ ಮಾಡುವುದೇ ಮುಖ್ಯವಾಗಿ ಆ ಸಾಲಿನಿಂದ. ಮಾರ್ಕರ್ ಸ್ಫೋಟದ ಮೇಲೆ ಕೂತರೆ ಆ ಗುಂಯ್ ಹಿಂದಿನ ತುಂಡಿನ ಬಾಲಕ್ಕೆ ಸೇರುತ್ತದೆ. ವೇಗ ಹೆಚ್ಚಿಸಿದಾಗ ಬೀಟ್ಸ್ ಮೋಡ್ ಪ್ರತಿ ತುಂಡಿನ ಬಾಲವನ್ನೇ ಕತ್ತರಿಸುವುದು. ಗುಂಯ್ ಹೋಯಿತು, 'ದಿಗಿಣ' 'ತಿಕಿಣ' ಆಯಿತು. ಬಾಲ ಕತ್ತರಿಸಿದ ಜಾಗದಲ್ಲಿ ಅಲೆ ಸೊನ್ನೆಯಲ್ಲಿರದಿದ್ದರೆ, ಅದೇ ನಿಮ್ಮ ಟಿಕ್.

'ಮಿ', 'ಣ'ದ್ದು ಇನ್ನೊಂದು ಕಥೆ. ಅನುನಾಸಿಕಕ್ಕೆ ಸ್ಫೋಟವೇ ಇಲ್ಲ, ಹುಡುಕಾಟ ಅವನ್ನು ಹಲವು ಸಲ ದಾಟಿ ಹೋಗುತ್ತದೆ. 'ಧಿಮಿ' ಒಂದೇ ತುಂಡಾಗಿ ಉಳಿಯುತ್ತದೆ.

ಸರಿಪಡಿಸೋದು:

- ವಾರ್ಪ್ ಮಾರ್ಕರನ್ನು ಅಕ್ಷರಕ್ಕೊಂದರಂತೆ ಕೈಯಿಂದಲೇ ಇಡಿ. ಬಾರ್‌ಗೆ 16, ಹತ್ತು ನಿಮಿಷದ ಕೆಲಸ. 'ದಿ', 'ಗಿ', 'ಧಿ'ಗಳಿಗೆ ಸ್ಫೋಟಕ್ಕಿಂತ 20–30 ಮಿಲಿಸೆಕೆಂಡ್ ಮುಂಚೆ ಇಡಿ.
- ಪ್ರಿಸರ್ವ್ ಖಾನೆಯಲ್ಲಿ ಟ್ರಾನ್ಸಿಯೆಂಟ್ಸ್ ಬದಲು 1/16. ಮಾರ್ಕರ್ ಎಲ್ಲ ಗ್ರಿಡ್‌ನಲ್ಲಿ ಇದ್ದ ಮೇಲೆ ಯಂತ್ರದ ಊಹೆ ಬೇಕಿಲ್ಲ.
- ಟ್ರಾನ್ಸಿಯೆಂಟ್ ಲೂಪ್ ಆಫ್. ವೇಗ ಹೆಚ್ಚಿಸುವಾಗ ತುಂಬಬೇಕಾದ ಖಾಲಿ ಜಾಗ ಇರುವುದಿಲ್ಲ. ನಿಧಾನ ಮಾಡುವಾಗ ಮಾತ್ರ ಹಿಂದೆ ಮುಂದೆ ಓಡುವ ಲೂಪ್ ಉಪಯೋಗ.
- ಟ್ರಾನ್ಸಿಯೆಂಟ್ ಎನ್ವಲಪ್ 100 ಇದ್ದರೆ ಫೇಡ್ ಇಲ್ಲ. 80ರಿಂದ ಕೆಳಗೆ ಇಳಿಸುತ್ತಾ ಬನ್ನಿ, ಟಿಕ್ ನಿಂತಲ್ಲಿ ನಿಲ್ಲಿ. 50ರ ಕೆಳಗೆ ಹೋದರೆ 'ತೊಂ' ಬರೀ 'ತೊ' ಆಗುತ್ತದೆ.

ಮಾರ್ಕರ್ ಮುಂಚೆ ಇಟ್ಟ ಅಕ್ಷರಗಳು ಸ್ವಲ್ಪ ಹಿಂದೆ ಬಿದ್ದ ಹಾಗೆ ಕೇಳಿಸಬಹುದು. ಆ ಮಾರ್ಕರ್‌ಗಳನ್ನಷ್ಟೇ ಗ್ರಿಡ್‌ಗಿಂತ ಒಂದಿಷ್ಟು ಎಡಕ್ಕೆ ಎಳೆಯಿರಿ, ಅಥವಾ ಇಡೀ ಟ್ರ್ಯಾಕ್‌ಗೆ ಟ್ರ್ಯಾಕ್ ಡಿಲೇ ಮೈನಸ್ 10–15 ಮಿಲಿಸೆಕೆಂಡ್ ಕೊಡಿ. ಎರಡನೆಯದು ಸೋಮಾರಿ ದಾರಿ, ಆದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಕಾಂಪ್ಲೆಕ್ಸ್ ಪ್ರೊ ಇಡೀ ಹಾಡಿಗೆ, ಎಳೆದು ಹಾಡಿದ ದನಿಗೆ. ಸ್ಫೋಟವೇ ಬಂಡವಾಳವಾದ ಕೊನ್ನಕೋಲ್‌ಗೆ ಅಲ್ಲ. ರೀ-ಪಿಚ್ ಸ್ಫೋಟ ಉಳಿಸುತ್ತದೆ, ಆದರೆ 96ರಿಂದ 128ಕ್ಕೆ ದನಿ ಹತ್ತಿರ ಹತ್ತಿರ 5 ಸೆಮಿಟೋನ್ ಏರುತ್ತದೆ. ಚಿಪ್‌ಮಂಕ್ ಬೇಕಿದ್ದರೆ ಸರಿ.

ಖಂಡಛಾಪು:

'ದಿ'ಗೆ ಮಾರ್ಕರ್ 25 ಮಿಲಿಸೆಕೆಂಡ್ ಹಿಂದಕ್ಕೆ ತಂದ ತಕ್ಷಣ 'ದಿ' ವಾಪಸ್ ಬಂತು. ತಿಶ್ರದ ಲೆಕ್ಕವೂ ಕೂತಿದೆ. ಇನ್ನು ಸ್ಯಾಂಪಲ್ ಆಫ್‌ಸೆಟ್?

ಅರೆಮಾತ್ರೆ:

ಪಟ್ಟಿಯಲ್ಲಿ ಕಾಣದಿದ್ದರೆ ಕ್ಲಿಪ್ ಇನ್ನೂ ಕಾಂಪ್ಲೆಕ್ಸ್ ಪ್ರೊನಲ್ಲೇ ಇದೆ ಅಂತ ಅರ್ಥ. ಸ್ಯಾಂಪಲ್ ಆಫ್‌ಸೆಟ್ ಬೀಟ್ಸ್ ಮೋಡ್‌ನಲ್ಲಿ ಮಾತ್ರ ಸಿಗುತ್ತದೆ.

ಅದರ ಕೆಲಸ ಸರಳ. ಕ್ಲಿಪ್ ತನ್ನ ಪಾಡಿಗೆ ಮುಂದೆ ಓಡುತ್ತಿರುತ್ತದೆ, ಎನ್ವಲಪ್ ಹೇಳಿದಷ್ಟು ದೂರ ಹಿಂದಿನಿಂದಲೋ ಮುಂದಿನಿಂದಲೋ ಓದುತ್ತದೆ. ಪ್ರತಿ ಅಡ್ಡಗೆರೆ ಒಂದು ಸಿಕ್ಸ್‌ಟೀನ್ತ್, ಮಿತಿ ಮೇಲೆ 8, ಕೆಳಗೆ 8. ಬಿ ಒತ್ತಿ ಪೆನ್ಸಿಲ್ ತೆಗೆದುಕೊಳ್ಳಿ, ಗ್ರಿಡ್ 1/16 ಮಾಡಿ, ಮೆಟ್ಟಿಲು ಬಿಡಿಸಿ.

ಮೊದಲ 'ತ' ನಾಲ್ಕು ಸಲ ಬೇಕೇ? 1ರಿಂದ 4ನೇ ಸ್ಥಾನಕ್ಕೆ 0, −1, −2, −3. ಒಂದೊಂದು ಹೆಜ್ಜೆ ಮುಂದೆ ಹೋದಂತೆ ಒಂದೊಂದು ಹಿಂದೆ ಓದಿದರೆ ನಿಂತಲ್ಲೇ ನಿಂತ ಹಾಗೆ. ಮೆಟ್ಟಿಲಿಗೆ ಬದಲು ಓರೆಗೆರೆ ಎಳೆದರೆ ಅಕ್ಷರದ ಒಳಗೇ ನಿಂತು ಗರ್ ಅನ್ನುತ್ತದೆ, ಅದಕ್ಕೂ ಒಂದು ಜಾಗ ಇದೆ.

ನಿಮ್ಮ ಬಾರ್ ನೋಡಿದರೆ ಮುಕ್ತಾಯ (ಒಂದೇ ಪದ ಮೂರು ಸಲ ಹೇಳಿ ಮುಗಿಸುವುದು) ಅದರಲ್ಲೇ ಅಡಗಿ ಕೂತಿದೆ. 'ತದಿಗಿಣತೊಂ' ಇರುವುದು 7ರಿಂದ 11ರವರೆಗೆ. ಹೀಗೆ ಬಿಡಿಸಿ:

1ನೇ ಸ್ಥಾನ: 0
2ರಿಂದ 6: +5
7ರಿಂದ 11: 0
12ರಿಂದ 16: −5

ಕೇಳುವುದು: ತ, ತದಿಗಿಣತೊಂ ತದಿಗಿಣತೊಂ ತದಿಗಿಣತೊಂ, ಆಮೇಲೆ ಸಮ (ಮುಂದಿನ ಬಾರ್‌ನ ಮೊದಲ ಬೀಟ್). ಒಂದೇ ಕ್ಲಿಪ್, ಒಂದು ಕತ್ತರಿಯೂ ಇಲ್ಲ. ಪದ ಬಾರ್‌ನ ನಡುವೆ ಇರುವುದೇ ಇಲ್ಲಿ ಅದೃಷ್ಟ. ಅದು ಬಾರ್‌ನ ಕೊನೆಯಲ್ಲಿ, 12ರಿಂದ 16ರಲ್ಲಿ ಇದ್ದಿದ್ದರೆ ಮೊದಲ ಆವೃತ್ತಿಗೆ +10 ಬೇಕಾಗುತ್ತಿತ್ತು, ಲೈವ್ 8ಕ್ಕೆ ನಿಲ್ಲಿಸುತ್ತದೆ.

ತಿಶ್ರ ಮಾಡುವವರಿಗೆ ಎಚ್ಚರಿಕೆ: ಈ ಬಿಡಿಸಾಟವೆಲ್ಲ ಪ್ರಾಜೆಕ್ಟ್ 96ರಲ್ಲಿದ್ದಾಗಲೇ ಮುಗಿಸಿ. ಬಿಪಿಎಂ ಖಾನೆಯಲ್ಲಿ 128 ಬರೆದ ಮೇಲೆ ನಿಮ್ಮ ಅಕ್ಷರ ಒಂದೂಕಾಲು ಚಿಲ್ಲರೆ ಸಿಕ್ಸ್‌ಟೀನ್ತ್ ಅಗಲವಾಗಿರುತ್ತದೆ, ಆಫ್‌ಸೆಟ್ ಗೆರೆಗಳು ಯಾವುದಕ್ಕೂ ಹೊಂದುವುದಿಲ್ಲ. ಕನ್ಸಾಲಿಡೇಟ್ ಮಾಡಿದರೆ ಕ್ಲಿಪ್ ಎನ್ವಲಪ್ ಕೂಡ ಹೊಸ ಫೈಲ್‌ನಲ್ಲೇ ಬೆರೆತುಹೋಗುತ್ತದೆ, ಹಾಗಾಗಿ ಕ್ರಮ ಇದು: ಮಾರ್ಕರ್, ಆಫ್‌ಸೆಟ್, ಕನ್ಸಾಲಿಡೇಟ್, ಆಮೇಲೆ 128ರ ಸುಳ್ಳು. ಮುಕ್ತಾಯವನ್ನು ಮೂರನೇ ಬಾರ್‌ನಲ್ಲಿಡಿ, 48ನೇ ಅಕ್ಷರ ಮುಗಿದ ಕೂಡಲೇ ಕಿಕ್‌ನ ಸಮ ಸಿಗುತ್ತದೆ. ಮೊದಲ ಎರಡರಲ್ಲಿಟ್ಟರೆ ಬೀಟ್‌ಗಳ ಸಂದಿಯಲ್ಲೆಲ್ಲೋ ಬೀಳುತ್ತದೆ.

ಚತುರಶ್ರದಲ್ಲಿ ಉಳಿಯುವವರಿಗೆ ಇನ್ನೊಂದು ಆಟ: ಟ್ರಾನ್ಸ್‌ಪೊಸಿಷನ್ (ಸ್ವರ ಏರಿಳಿಸುವ) ಎನ್ವಲಪ್ ತೆಗೆದು ಅನ್‌ಲಿಂಕ್ ಮಾಡಿ (ಕ್ಲಿಪ್‌ನ ಉದ್ದದಿಂದ ಬಿಡಿಸಿ), ಅದರ ಲೂಪ್ ಉದ್ದ 0.1.3 ಕೊಡಿ. ಅಂದರೆ ಏಳು ಸಿಕ್ಸ್‌ಟೀನ್ತ್, ಮಿಶ್ರ. ಒಂದು ಮೆಟ್ಟಿಲಿಗೆ −12, ಉಳಿದ ಆರಕ್ಕೆ 0. ಪ್ರತಿ ಏಳನೇ ಅಕ್ಷರ ಮಂದ್ರಕ್ಕೆ ಇಳಿಯುತ್ತದೆ. ಒಂದು ಬಾರ್‌ನ ಲೂಪ್ ಜತೆ ಅದು ಏಳು ಬಾರ್ ಆದ ಮೇಲೆ ಮತ್ತೆ ಸಮಕ್ಕೆ ಬರುತ್ತದೆ. ಎಂಟನೇ ಬಾರ್ ಖಾಲಿ ಉಳಿಯಿತಲ್ಲ, ಮುಕ್ತಾಯದ ಕ್ಲಿಪ್ ಅಲ್ಲಿಗೆ.

ಮೂಲೆಸ್ಪೀಕರ್:

ಒಂದು ತಕರಾರು. ಆಫ್‌ಸೆಟ್ ಚೆನ್ನಾಗಿದೆ, ಆದರೆ ಅಕ್ಷರಕ್ಕೊಂದು ಫಿಲ್ಟರ್, ಅಕ್ಷರಕ್ಕೊಂದು ರಿವರ್ಬ್ ಬೇಕೆಂದರೆ ಸ್ಲೈಸ್ ಟು ನ್ಯೂ ಮಿಡಿ ಟ್ರ್ಯಾಕ್ (ಕ್ಲಿಪ್ಪನ್ನು ತುಂಡು ಮಾಡಿ ಬೇರೆ ಬೇರೆ ಪ್ಯಾಡ್‌ಗೆ ಹಾಕುವ ಆಜ್ಞೆ) ಬಿಟ್ಟು ಬೇರೆ ದಾರಿಯಿಲ್ಲ. ವಾರ್ಪ್ ಮಾರ್ಕರ್ ಪ್ರಕಾರ ಸ್ಲೈಸ್ ಆರಿಸಿಕೊಳ್ಳಿ, ಟ್ರಾನ್ಸಿಯೆಂಟ್ ಪ್ರಕಾರ ಬೇಡ. ಕೈಯಿಂದ ಇಟ್ಟ ಮಾರ್ಕರ್‌ಗಳ ಶ್ರಮ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಮಿತಿ 128 ತುಂಡು, ನಿಮ್ಮದು 64.

ರಾಗಿಕಣ:

ಉಳಿದ ನಾಲ್ಕನೇ ಬಾರ್ ಬಿಸಾಡಬೇಡಿ. ಅದರ 'ತೊಂ' ಬಾಲದಿಂದ, 'ಮ್' ಅನ್ನುವ ಭಾಗದ 100 ಮಿಲಿಸೆಕೆಂಡ್‌ನಷ್ಟು ತೆಗೆದು ಕ್ರಾಪ್ ಮಾಡಿ, ಟೆಕ್ಸ್‌ಚರ್ ಮೋಡ್‌ಗೆ ಹಾಕಿ. ಎರಡು ತುದಿಗೆ ಎರಡು ವಾರ್ಪ್ ಮಾರ್ಕರ್, ಎರಡನೆಯದನ್ನು ನಾಲ್ಕು ಬಾರ್ ದೂರಕ್ಕೆ ಎಳೆಯಿರಿ. 75 ಪಟ್ಟು ಹಿಗ್ಗುತ್ತದೆ, ತಂಬೂರಿಯ ಹಾಗೆ ಅಡಿಯಲ್ಲಿ ಇಡಲು ಒಂದು ಶ್ರುತಿ ಸಿಗುತ್ತದೆ. ಗ್ರೇನ್ (ಈ ಮೋಡ್ ದನಿಯನ್ನು ಒಡೆಯುವ ಚೂರು) ಸೈಜ್ ತೀರಾ ಸಣ್ಣದಾದರೆ ಗ್ರೇನ್‌ಗಳ ಪುನರಾವರ್ತನೆಯೇ ಒಂದು ಸ್ವರವಾಗಿ ಝುಂಯ್ ಅನ್ನುತ್ತದೆ, ದೊಡ್ಡದು ಮಾಡಿದಷ್ಟೂ ಮೂಲ ದನಿಯ ಗುರುತು ಉಳಿಯುತ್ತದೆ. 80ರ ಆಸುಪಾಸಿನಿಂದ ಶುರು ಮಾಡಿ. ಫ್ಲಕ್ಸ್ (ಆ ಚೂರುಗಳ ಏರುಪೇರು) 0 ಇದ್ದರೆ ಯಾಂತ್ರಿಕ, 30–40ಕ್ಕೆ ಉಸಿರಾಡಿದಂತಾಗುತ್ತದೆ. 'ತೊಂ' ಸ್ವರ ಸಾಮಾನ್ಯವಾಗಿ ಜಾರಿರುತ್ತದೆ, ಡಿಟ್ಯೂನ್ ಸೆಂಟ್ಸ್‌ನಲ್ಲಿ ಬಾಸ್‌ಗೆ ಹೊಂದಿಸಿಕೊಳ್ಳಿ.

ಖಂಡಛಾಪು:

ಮುಕ್ತಾಯ ಬಿಡಿಸಿದ್ದಾಯಿತು. ಮೂರನೇ 'ತದಿಗಿಣತೊಂ' ಶುರುವಿನಲ್ಲಿ ಮಾತ್ರ ಸಣ್ಣ ಟಿಕ್ ಉಳಿದಿದೆ.

ಅರೆಮಾತ್ರೆ:

11ರಿಂದ 12ಕ್ಕೆ ದಾಟುವಾಗ 'ತೊಂ' ಇನ್ನೂ ಮೊಳಗುತ್ತಿರುವಾಗಲೇ ಓದುವ ಜಾಗ ಐದು ಹೆಜ್ಜೆ ಹಿಂದಕ್ಕೆ ಹಾರುತ್ತದೆ. ವಾಲ್ಯೂಮ್ ಎನ್ವಲಪ್ ತೆಗೆದು 11ನೇ ಸ್ಥಾನದ ಕೊನೆಯ 1/128ರಷ್ಟು ಮಾತ್ರ ಕೆಳಗಿಳಿಸಿ, 12ಕ್ಕೆ ಮತ್ತೆ ಮೇಲಕ್ಕೆ. 96ರಲ್ಲಿ ಅದು ಸುಮಾರು 20 ಮಿಲಿಸೆಕೆಂಡ್, ಕಿವಿಗೆ ಗೊತ್ತಾಗುವುದಿಲ್ಲ. ಕ್ಲಿಪ್‌ನ ಫೇಡ್ ಬಟನ್ ಇಲ್ಲಿ ನೆರವಾಗುವುದಿಲ್ಲ, ಅದು ಕ್ಲಿಪ್‌ನ ಎರಡು ತುದಿಗೆ ಮಾತ್ರ, ಅದೂ ಹೆಚ್ಚೆಂದರೆ 4 ಮಿಲಿಸೆಕೆಂಡ್.

ಕನ್ಸಾಲಿಡೇಟ್ ಒತ್ತುವ ಮೊದಲು ಟ್ರ್ಯಾಕ್ ಡುಪ್ಲಿಕೇಟ್ ಮಾಡಿ ಮೂಲವನ್ನು ಮ್ಯೂಟ್ ಮಾಡಿಟ್ಟುಕೊಳ್ಳಿ. ಹೊಸ ಫೈಲ್‌ನಲ್ಲಿ ಮಾರ್ಕರೂ ಇರುವುದಿಲ್ಲ, ಆಫ್‌ಸೆಟ್ ಮೆಟ್ಟಿಲೂ ಇರುವುದಿಲ್ಲ.